ಹಾಡದ ಬಾಯಿಗೂ ಹಕ್ಕುಂಟು

ಧರ್ಮ ಸ್ವಾತಂತ್ರ್ಯದ ಮಾತು ಬಂದರೆ ತಲೆದೂಗದವರು ಯಾರೂ ಇಲ್ಲ. ತನ್ನ ದೇವರಿಗೆ ಕೈ ಮುಗಿಯಲು ಇನ್ನೊಬ್ಬರ ಅಪ್ಪಣೆ ಬೇಡವೆಂಬುದು ಎಲ್ಲರಿಗೂ ಒಪ್ಪಿಗೆಯೇ. ಆದರೆ ಊರ ತುಂಬ ಜನರಿರುವ ಮತಕ್ಕೆ ಈ ಸ್ವಾತಂತ್ರ್ಯದ ಆಸರೆ ಬೇಕಾಗುವುದೇ ಅಪರೂಪ. ಅದರ ತೇರಿಗೆ ಪೊಲೀಸರೇ ದಾರಿ ಬಿಡಿಸುತ್ತಾರೆ, ಅದರ ಹಬ್ಬಕ್ಕೆ ಸರ್ಕಾರವೇ ರಜ ಕೊಡುತ್ತದೆ. ಕಾನೂನಿನ ನಿಜವಾದ ಪರೀಕ್ಷೆ ನಡೆಯುವುದು ಎಣಿಕೆಯಲ್ಲಿ ಅತ್ಯಲ್ಪರಾದ, ನಡೆನುಡಿಯಲ್ಲಿ ನಮಗೆ ವಿಚಿತ್ರವೆನಿಸುವ, ಓಟಿನ ಲೆಕ್ಕದಲ್ಲಿ ಯಾರಿಗೂ ಬೇಡವಾದ ಜನರ ಮನೆ ಬಾಗಿಲಲ್ಲಿ. ಅಂಥ ಒಂದು ಪಂಗಡದ ವಿಷಯವನ್ನು ಈ ವಾರ ಓದುಗರ ಮುಂದಿಡುತ್ತೇವೆ.

ಯೆಹೋವನ ಸಾಕ್ಷಿಗಳು ಎಂಬುದು ಕ್ರೈಸ್ತರಲ್ಲಿ ಒಂದು ಸಣ್ಣ ಪಂಗಡ. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ದೇವರನ್ನಲ್ಲದೆ ಬೇರಾವುದನ್ನೂ ಪೂಜಿಸಬಾರದೆಂಬುದು ಅವರ ನಂಬಿಕೆ. ಬಾವುಟಕ್ಕೆ ವಂದಿಸುವುದೂ ರಾಷ್ಟ್ರಗೀತೆ ಹಾಡುವುದೂ ಪೂಜೆಯ ರೂಪವೇ ಎಂದು ಅವರು ತಿಳಿಯುತ್ತಾರೆ. ಸೈನ್ಯಕ್ಕೆ ಸೇರುವುದಿಲ್ಲ, ಚುನಾವಣೆಯಲ್ಲಿ ಓಟು ಹಾಕುವುದಿಲ್ಲ, ಮನೆಮನೆಗೆ ಹೋಗಿ ತಮ್ಮ ಮತದ ಮಾತು ಹೇಳುತ್ತಾರೆ. ಇಡೀ ಭಾರತದಲ್ಲಿ ಅವರ ಪ್ರಚಾರಕರ ಸಂಖ್ಯೆ ಒಂದು ಲಕ್ಷವನ್ನೂ ಮುಟ್ಟಿಲ್ಲ. ಅವರ ತತ್ತ್ವ ನಮ್ಮದಲ್ಲ. ಅವರು ಬರಲಿರುವ ದೇವರ ರಾಜ್ಯಕ್ಕಾಗಿ ಕಾಯುವವರು. ನಾವು ಈ ನೆಲದಲ್ಲಿಯೇ, ಈ ಜನ್ಮದಲ್ಲಿಯೇ ನ್ಯಾಯ ದೊರೆಯಬೇಕೆನ್ನುವವರು. ಅವರ ಪರವಾಗಿ ಬರೆದುದರಿಂದ ನಮ್ಮ ಪಕ್ಷಕ್ಕೆ ಒಂದು ಓಟೂ ಹೆಚ್ಚುವುದಿಲ್ಲ. ಹೀಗಿರುವುದರಿಂದಲೇ ಇದನ್ನು ನಿಸ್ಸಂಕೋಚವಾಗಿ ಬರೆಯಬಹುದು.

೧೯೮೫ರಲ್ಲಿ ಕೇರಳದ ಕೋಟ್ಟಯಂ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಈ ಪಂಗಡಕ್ಕೆ ಸೇರಿದ ಮೂವರು ಒಡಹುಟ್ಟಿದವರು ಓದುತ್ತಿದ್ದರು. ಒಬ್ಬರು ೧೦ನೆಯ ತರಗತಿ, ಒಬ್ಬರು ೯, ಇನ್ನೊಬ್ಬರು ೫. ಬೆಳಗ್ಗೆ ರಾಷ್ಟ್ರಗೀತೆ ಹಾಡುವಾಗ ಮಿಕ್ಕವರಂತೆ ಇವರೂ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು. ಆದರೆ ಹಾಡುತ್ತಿರಲಿಲ್ಲ. ಇವರ ಅಕ್ಕಂದಿರು ಅದೇ ಶಾಲೆಯಲ್ಲಿ ಓದಿದಾಗಲೂ ಹೀಗೆಯೇ ನಿಂತಿದ್ದರು. ಅದರಿಂದ ದೇಶಕ್ಕೆ ಕುಂದೇನೂ ಬಂದಿರಲಿಲ್ಲ. ಆ ವರ್ಷ ಒಬ್ಬ ಶಾಸಕರ ಕಣ್ಣಿಗೆ ಇದು ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ವಿಚಾರಣೆ ನಡೆಸಿದ ಸಮಿತಿಯು ಮಕ್ಕಳು ಕಾನೂನಿಗೆ ತಲೆಬಾಗುವವರು, ರಾಷ್ಟ್ರಗೀತೆಗೆ ಅಗೌರವ ತೋರಿಸಿಲ್ಲ ಎಂದೇ ವರದಿ ಕೊಟ್ಟಿತು. ಆದರೂ ಮೇಲಧಿಕಾರಿಯ ಸೂಚನೆಯಂತೆ ೧೯೮೫ರ ಜುಲೈ ೨೬ರಂದು ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು.

ಕೇರಳದ ಹೈಕೋರ್ಟು ಎರಡು ಹಂತಗಳಲ್ಲಿಯೂ ಮಕ್ಕಳ ಕೈ ಹಿಡಿಯಲಿಲ್ಲ. ರಾಷ್ಟ್ರಗೀತೆಯ ಮಾತುಗಳನ್ನೆಲ್ಲ ಪರಿಶೀಲಿಸಿ, ಯಾರ ಮತಕ್ಕೂ ನೋವಾಗುವ ಶಬ್ದ ಇದರಲ್ಲಿ ಇಲ್ಲವೆಂದು ಅದು ಹೇಳಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೮೬ರ ಆಗಸ್ಟ್ ೧೧ರಂದು ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ತ ಅವರು ತೀರ್ಪು ಕೊಟ್ಟರು. ಬಿಜೋ ಎಮ್ಯಾನುಯೆಲ್ ಮೊಕದ್ದಮೆ ಎಂದು ಅದು ಹೆಸರಾಗಿದೆ. ಒಂದು ನಂಬಿಕೆ ನಮ್ಮ ಬುದ್ಧಿಗೆ ಒಪ್ಪುವುದೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಅದನ್ನು ನಂಬಿದವನು ಪ್ರಾಮಾಣಿಕವಾಗಿ ನಂಬಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ ಎಂದರು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನು ಇರಲಿಲ್ಲ. ೧೯೭೧ರ ಕಾಯಿದೆ ಶಿಕ್ಷೆ ಹೇಳಿದ್ದು ಹಾಡುವವರನ್ನು ತಡೆಯುವವನಿಗೆ, ಗದ್ದಲವೆಬ್ಬಿಸುವವನಿಗೆ. ಇಲಾಖೆಯ ಸುತ್ತೋಲೆಯಿಂದ ರಾಜ್ಯಾಂಗದ ೧೯ ಮತ್ತು ೨೫ನೆಯ ವಿಧಿಗಳ ಹಕ್ಕನ್ನು ಕಿತ್ತುಕೊಳ್ಳಲಾಗದು. ಮಾತನಾಡುವ ಹಕ್ಕಿನಲ್ಲಿ ಸುಮ್ಮನಿರುವ ಹಕ್ಕೂ ಅಡಗಿದೆ. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಿರೆಂದು ಆಜ್ಞೆಯಾಯಿತು.

ಮೂರು ಮಕ್ಕಳು ಹಾಡಿದರೆಷ್ಟು, ಬಿಟ್ಟರೆಷ್ಟು. ಗಿರಣಿಯಲ್ಲಿ ಪಾಳಿ ದುಡಿಯುವ ನಮಗೆ, ತಕ್ಕಡಿ ಹಿಡಿದು ಹೊಟ್ಟೆ ಹೊರೆಯುವ ನಮಗೆ ಇದರಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಉತ್ತರ ಜರ್ಮನಿಯ ಚರಿತ್ರೆಯಲ್ಲಿದೆ. ೧೯೩೩ರ ಮೇ ೨ರಂದು ಹಿಟ್ಲರನ ಪಡೆಗಳು ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಹಿಡಿದವು. ಅದೇ ವರ್ಷ ಈ ಪುಟ್ಟ ಪಂಗಡದ ಮೇಲೂ ನಿಷೇಧ ಬಿತ್ತು. ಹಿಟ್ಲರನಿಗೆ ಜಯಕಾರ ಹೇಳಿ ಕೈ ಎತ್ತಲು, ಅವನ ಸೈನ್ಯಕ್ಕೆ ಸೇರಲು ಅವರು ಒಪ್ಪಲಿಲ್ಲ. ಸಾವಿರಾರು ಮಂದಿಯನ್ನು ಬಂಧನ ಶಿಬಿರಗಳಿಗೆ ಅಟ್ಟಿದರು. ರಾಜಕೀಯ ಬಂದಿಗಳ ಅಂಗಿಯ ಮೇಲೆ ಕೆಂಪು ತ್ರಿಕೋನ, ಇವರ ಅಂಗಿಯ ಮೇಲೆ ನೇರಳೆ ತ್ರಿಕೋನ. ಇವರ ಮುಂದೆ ಒಂದು ಕಾಗದವನ್ನೂ ಇಟ್ಟರು. ನನ್ನ ಮತ ಸುಳ್ಳು, ಅದನ್ನು ಬಿಟ್ಟಿದ್ದೇನೆ ಎಂದು ಸಹಿ ಹಾಕಿದರೆ ಬಿಡುಗಡೆ. ಬಹುಮಂದಿ ಸಹಿ ಹಾಕಲಿಲ್ಲ. ಹಲವರು ಅಲ್ಲಿಯೇ ಸತ್ತರು.

ಈ ಕಾಗದ ಎಂಥದೆಂದು ಕಾರ್ಮಿಕನಿಗೆ ವಿವರಿಸಿ ಹೇಳಬೇಕಾಗಿಲ್ಲ. ಮುಷ್ಕರದ ತರುವಾಯ ಗೇಟಿನೊಳಗೆ ಕಾಲಿಡಬೇಕಾದರೆ ‘ಒಳ್ಳೆಯ ನಡತೆ’ಯ ಮುಚ್ಚಳಿಕೆ ಬರೆದುಕೊಡು ಎಂದು ಮಾಲಿಕರು ಕೇಳುತ್ತಾರಲ್ಲವೇ? ಶಿಬಿರದ ಕ್ರೌರ್ಯಕ್ಕೂ ಗಿರಣಿಯ ಜುಲುಮಿಗೂ ಅಜಗಜಾಂತರ ಉಂಟು, ಒಪ್ಪಿದೆವು. ಆದರೆ ಎರಡು ಕಡೆಯೂ ಕೇಳುವುದು ಒಂದನ್ನೇ: ನಿನ್ನ ಮನಸ್ಸಿಗೆ ಒಪ್ಪದ ಮಾತನ್ನು ನಿನ್ನ ಬಾಯಿಂದಲೇ ಹೇಳು, ಇಲ್ಲವಾದರೆ ಹೊರಗೆ ನಿಲ್ಲು. ಹೇಳೆನೆಂದು ನಿಂತ ಮಗುವಿನ ಹಕ್ಕೂ, ಮುಚ್ಚಳಿಕೆಗೆ ಸಹಿ ಹಾಕೆನೆಂದು ನಿಂತ ಕಾರ್ಮಿಕನ ಹಕ್ಕೂ ಒಂದೇ ಬೇರಿನವು.

ಸ್ವತಂತ್ರ ರಾಷ್ಟ್ರವೆಂದು ಹೆಮ್ಮೆಪಡುವ ಅಮೆರಿಕವೂ ಇಲ್ಲಿ ಎಡವಿತ್ತು. ಬಾವುಟಕ್ಕೆ ವಂದಿಸದ ಈ ಪಂಗಡದ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು ಸರಿಯೆಂದು ಅಲ್ಲಿನ ಸುಪ್ರೀಂ ಕೋರ್ಟು ೧೯೪೦ರಲ್ಲಿ ಹೇಳಿತು. ಆ ಬಳಿಕ ಹಲವು ಊರುಗಳಲ್ಲಿ ಗುಂಪುಗಳು ಇವರನ್ನು ಹೊಡೆದವು, ಪ್ರಾರ್ಥನಾ ಮಂದಿರಕ್ಕೆ ಬೆಂಕಿಯಿಟ್ಟವು. ಮೂರೇ ವರ್ಷಗಳಲ್ಲಿ, ೧೯೪೩ರ ಜೂನ್ ೧೪ರಂದು, ಮಹಾಯುದ್ಧ ನಡೆಯುತ್ತಿರುವಾಗಲೇ, ಅದೇ ಕೋರ್ಟು ತನ್ನ ತೀರ್ಪನ್ನು ತಾನೇ ರದ್ದುಮಾಡಿತು. ದೇಶಭಕ್ತಿಯನ್ನು ಬೆತ್ತದಿಂದ ಬರಿಸಲಾಗದೆಂಬುದನ್ನು ಒಪ್ಪಿಕೊಂಡಿತು.

ಸಮಾಜವಾದದ ಹೆಸರಿನಲ್ಲಿ ನಡೆದುದನ್ನೂ ಮುಚ್ಚಿಡಬಾರದು. ೧೯೫೧ರ ಏಪ್ರಿಲ್‌ನಲ್ಲಿ ಸ್ಟಾಲಿನನ ಸರ್ಕಾರವು ಈ ಪಂಗಡದ ಸಾವಿರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ರೈಲಿನಲ್ಲಿ ತುಂಬಿ ಸೈಬೀರಿಯಕ್ಕೆ ಸಾಗಿಸಿತು. ಆ ಸರ್ಕಾರ ಅಳಿಯಿತು, ಸೋವಿಯತ್ ಒಕ್ಕೂಟವೂ ಅಳಿಯಿತು. ಆದರೆ ೨೦೧೭ರ ಏಪ್ರಿಲ್ ೨೦ರಂದು ರಷ್ಯದ ಸುಪ್ರೀಂ ಕೋರ್ಟು ಇವರನ್ನು ಉಗ್ರಗಾಮಿಗಳೆಂದು ಕರೆದು ಮತ್ತೆ ನಿಷೇಧಿಸಿತು. ಕೆಂಪು ಬಾವುಟದ ಕೆಳಗೆ ನಡೆದ ಅನ್ಯಾಯವೂ ಅನ್ಯಾಯವೇ. ಬಡವನಿಗೆ ರೊಟ್ಟಿ ಕೊಡುವೆನೆಂದು ಹೇಳಿ ಅವನ ಮನಸ್ಸಿಗೆ ಬೀಗ ಹಾಕುವುದು ಸಮಾಜವಾದವಲ್ಲ.

ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ಬೀದಿಯಲ್ಲಿ ಗೆದ್ದಂತಾಗಲಿಲ್ಲ. ೨೦೨೩ರ ಅಕ್ಟೋಬರ್ ೨೯ರಂದು ಕೇರಳದ ಕಳಮಶ್ಶೇರಿಯಲ್ಲಿ ಈ ಪಂಗಡದವರು ಪ್ರಾರ್ಥನೆಗೆಂದು ಕೂಡಿದ್ದಾಗ ಬಾಂಬು ಸಿಡಿಯಿತು. ಒಬ್ಬ ಎಳೆಯ ಬಾಲಕಿಯೂ ಸೇರಿ ಹಲವರು ಸತ್ತರು. ತಾನೇ ಇಟ್ಟೆನೆಂದು ಪೊಲೀಸರ ಬಳಿಗೆ ಬಂದವನು ಹಿಂದೆ ಅದೇ ಪಂಗಡದಲ್ಲಿದ್ದೆನೆಂದು ಹೇಳಿಕೊಂಡ ಮನುಷ್ಯ. ಅವನು ಕೊಟ್ಟ ಕಾರಣ, ಇವರ ಬೋಧನೆ ದೇಶದ್ರೋಹದ್ದು ಎಂಬುದು. ದೇಶದ್ರೋಹಿ ಎಂಬ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ತಿರುಗುವವರು ಇದನ್ನು ಯೋಚಿಸಬೇಕು.

ವ್ಯಾಪಾರಸ್ಥ ಮಿತ್ರರೂ ಯೋಚಿಸಬೇಕು. ಬಾಂಬು ಸಿಡಿಯದೆಯೂ ಮತದ ಹೆಸರಿನಲ್ಲಿ ಹೊಟ್ಟೆಗೆ ಹೊಡೆಯಬಹುದು. ೨೦೨೨ರ ಮಾರ್ಚಿಯಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿಯೂ ಕರಾವಳಿಯ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿಯೂ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಬಳೆ, ಆಟಿಕೆ, ಹಣ್ಣು ಮಾರುವವನ ಮತವನ್ನು ಕೇಳುವ ಪದ್ಧತಿ ಒಮ್ಮೆ ನಿಂತರೆ, ನಾಳೆ ಅವನ ಜಾತಿಯನ್ನು ಕೇಳುವುದಿಲ್ಲವೆಂದು ಹೇಳುವವರಾರು? ದೊಡ್ಡ ಸಾಹುಕಾರನಿಗೆ ಇದರಿಂದ ನಷ್ಟವಿಲ್ಲ. ಸಾಲ ತಂದು ಸರಕು ಹೊತ್ತ ಸಣ್ಣವನೇ ಸಾಯುವವನು.

ಹಾಗಾದರೆ ಮತದ ಹೆಸರಿನಲ್ಲಿ ಏನು ಮಾಡಿದರೂ ನಡೆದೀತೇ? ನಡೆಯದು. ೨೫ನೆಯ ವಿಧಿ ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಒಳಪಟ್ಟಿದೆ. ಹಿಂದೂ ದೇವಸ್ಥಾನದ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆಯಿಸುವ ಅಧಿಕಾರವನ್ನು ಅದೇ ವಿಧಿ ಸರ್ಕಾರಕ್ಕೆ ಕೊಟ್ಟಿದೆ. ೧೭ನೆಯ ವಿಧಿ ಅಸ್ಪೃಶ್ಯತೆಯನ್ನೇ ಅಳಿಸಿದೆ. ಇನ್ನೊಬ್ಬನನ್ನು ಬಾಗಿಲಲ್ಲಿ ತಡೆಯುವವನು ತನ್ನ ಧರ್ಮವೆಂದರೆ ಅದು ಸಲ್ಲದು. ಸುಮ್ಮನೆ ಎದ್ದು ನಿಂತ ಮಗು ಯಾರ ಬಾಗಿಲನ್ನು ತಡೆಯಿತು? ಯಾರ ಕೂಲಿಯನ್ನು ಕಿತ್ತಿತು? ದೇಶದ ಖಜಾನೆಗೆ ತೆರಿಗೆ ವಂಚಿಸಿ, ಕೂಲಿಯವರ ಬೋನಸ್ಸು ನುಂಗಿ, ಧ್ವಜದ ಕೆಳಗೆ ಗಟ್ಟಿಯಾಗಿ ಹಾಡುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಸುಪ್ರೀಂ ಕೋರ್ಟು ಸಾರಿದ ಕಾನೂನು ನಮ್ಮ ಜಿಲ್ಲೆಯ ಶಾಲೆಗಳಿಗೂ ಅನ್ವಯಿಸುತ್ತದೆ. ಶಾಲಾ ಸಮಿತಿಗಳಲ್ಲಿರುವ ನಮ್ಮ ಸಂಗಾತಿಗಳು ಇದನ್ನು ನೆನಪಿಡಲಿ. ಯಾವುದೇ ಅಲ್ಪಸಂಖ್ಯಾತರ ಪ್ರಾರ್ಥನೆಯ ಮನೆಗೆ ಗುಂಪು ನುಗ್ಗಿದರೆ, ಯಾರದೇ ಅಂಗಡಿಯನ್ನು ಮತದ ಕಾರಣಕ್ಕೆ ಕೀಳಿಸಿದರೆ, ಯೂನಿಯನ್ನು ಸಭೆ ಕರೆದು ಠರಾವು ಮಾಡಲಿ, ನಾಲ್ಕು ಜನ ಅಲ್ಲಿಗೆ ಹೋಗಿ ಅವರ ಪಕ್ಕದಲ್ಲಿ ನಿಲ್ಲಲಿ. ನಾಳೆ ಗೇಟಿನ ಹೊರಗೆ ನಾವು ನಿಂತಾಗ ನಮ್ಮ ಪಕ್ಕದಲ್ಲಿ ಯಾರಾದರೂ ನಿಲ್ಲಬೇಕೆಂದು ನಾವು ಬಯಸುವುದಾದರೆ, ಈ ಕೆಲಸವನ್ನು ಇಂದೇ ಮಾಡತಕ್ಕದ್ದು.