ದೂರದ ಹಾರಾಟವೂ ಸಂಕೋಚವೆಂಬ ಕಾಯಿಲೆಯೂ

1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ದಾರಿಯಲ್ಲಿ ಕೈರೋದಲ್ಲಿಯೂ ಜಿನೀವಾದಲ್ಲಿಯೂ ಇಳಿಯಬೇಕಾಗಿತ್ತು. ಅದು ಯಂತ್ರದ ಮಿತಿಯಾಗಿದ್ದರೂ ಪ್ರಯಾಣಿಕರ ಕಾಲುಗಳಿಗೆ ಉಪಕಾರವೇ ಆಗಿತ್ತು. ಈಗಿನ ವಿಮಾನಗಳಿಗೆ ಆ ಹಂಗಿಲ್ಲ. 2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸಾನ್‌ಫ್ರಾನ್ಸಿಸ್ಕೋಗಳ ನಡುವೆ ನೇರ ಹಾರಾಟವು ಮೊದಲಾದಾಗ, ಸುಮಾರು 14,000 ಕಿ.ಮೀ. ದೂರವನ್ನು ಎಲ್ಲಿಯೂ ನೆಲ ಮುಟ್ಟದೆ ಕ್ರಮಿಸಲಾಯಿತು. ಹದಿನಾರು ಹದಿನೇಳು ಗಂಟೆಗಳ ಕಾಲ ಒಂದೇ ಆಸನದಲ್ಲಿ ಕುಳಿತಿರುವುದಕ್ಕೆ ಮನುಷ್ಯನ ದೇಹವು ನಿರ್ಮಿತವಾಗಿಲ್ಲ.

ಮುಂಬಯಿ, ಪುಣೆಗಳ ಕನ್ನಡಿಗರಲ್ಲಿ ಇಂಥ ಪ್ರಯಾಣವನ್ನು ಇಂದು ಕೈಕೊಳ್ಳುವವರು ಬಹುಮಟ್ಟಿಗೆ ಅರುವತ್ತು ದಾಟಿದವರು. ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಿಕೊಳ್ಳುವುದಕ್ಕೋ ಮಾಟುಂಗದಿಂದ, ಡೊಂಬಿವಲಿಯಿಂದ ಹೊರಡುವ ದಂಪತಿಗಳು. ಹೊರಡುವ ಮುನ್ನ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಬಾಣಂತಿಯ ಲೇಹ್ಯ ಎಲ್ಲವನ್ನೂ ತೂಗಿ, ಪೆಟ್ಟಿಗೆಯು 23 ಕಿಲೋ ಮೀರದಂತೆ ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಾರೆ. ಹೋಗುವವರ ಕಾಲು, ಎದೆ, ಸಕ್ಕರೆಯ ಪ್ರಮಾಣ ಇವುಗಳ ಕುರಿತು ಅಷ್ಟೇ ವಿಚಾರ ನಡೆಯುವ ಮನೆಗಳು ವಿರಳ.

ಈ ಹಿರಿಯರ ಆರೋಗ್ಯಕ್ಕೆ ವಿಮಾನದಲ್ಲಿ ದೊಡ್ಡ ಶತ್ರುವೆಂದರೆ ಅವರ ಸಂಕೋಚವೇ. ಪಕ್ಕದ ಅಪರಿಚಿತನು ನಿದ್ರಿಸುತ್ತಿದ್ದಾನೆ, ಎಬ್ಬಿಸುವುದು ಹೇಗೆ? ಆದುದರಿಂದ ಏಳುವುದಿಲ್ಲ. ಏಳಬಾರದೆಂದರೆ ನೀರು ಕುಡಿಯಬಾರದು. ಆದುದರಿಂದ ಗಗನಸಖಿಯು ತಂದ ಲೋಟವನ್ನೂ ನಯವಾಗಿ ನಿರಾಕರಿಸುತ್ತಾರೆ. ಹೀಗೆ ಕಲ್ಲಿನಂತೆ ಕುಳಿತವರ ಕಾಲಿನಲ್ಲಿ ರಕ್ತದ ಚಲನೆಯು ಮಂದವಾಗುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕುಳಿತಾಗ ಆ ಕೆಲಸ ನಿಲ್ಲುತ್ತದೆ. ನಿಂತ ರಕ್ತವು ಗರಣೆಗಟ್ಟಬಹುದು, ಗರಣೆಯು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಇದು ವಿಮಾನಕ್ಕೆ ಮಾತ್ರ ಸಂಬಂಧಿಸಿದ ಪಿಡುಗಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬಿನ ಮಳೆಯಾಗುತ್ತಿದ್ದಾಗ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕುರ್ಚಿಯಲ್ಲಿ ಕುಳಿತವರು ಇದೇ ಕಾರಣದಿಂದ ಸತ್ತುದನ್ನು ಅಲ್ಲಿಯ ವೈದ್ಯರು ದಾಖಲಿಸಿದ್ದರು. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಈ ಅಪಾಯವು ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಆದರೂ ಆರೋಗ್ಯವಂತರಲ್ಲಿ ಅದು 6,000ಕ್ಕೆ ಒಬ್ಬರಿಗೆ ಎಂಬಷ್ಟೇ. ಹೆದರಿ ಪ್ರಯಾಣವನ್ನೇ ಬಿಡಬೇಕಾಗಿಲ್ಲ. ಹಿಂದೆ ಗರಣೆ ಕಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರಿನ ರೋಗಿಗಳು, ಬಹಳ ಸ್ಥೂಲಕಾಯರು ಇವರ ಲೆಕ್ಕ ಬೇರೆ. ಅವರು ವೈದ್ಯರನ್ನು ಕಂಡು, ಬಿಗಿಯಾದ ಕಾಲುಚೀಲ ಬೇಕೋ ಬೇರೆ ಔಷಧಿ ಬೇಕೋ ಎಂಬುದನ್ನು ಕೇಳತಕ್ಕದ್ದು. ನೆರೆಮನೆಯವರ ಮಾತು ಕೇಳಿ ಆಸ್ಪಿರಿನ್ ನುಂಗುವುದಾಗಲಿ, ನಿದ್ರೆಯ ಗುಳಿಗೆ ತೆಗೆದುಕೊಂಡು ಹತ್ತು ಗಂಟೆ ಮಿಸುಕದೆ ಮಲಗುವುದಾಗಲಿ ಸಲ್ಲದು.

ವಿಮಾನದೊಳಗಿನ ಗಾಳಿಯ ವಿಷಯವೂ ಅರಿತಿರಬೇಕಾದುದೇ. ಅಲ್ಲಿಯ ಒತ್ತಡವು ಸಮುದ್ರಮಟ್ಟದ್ದಲ್ಲ. 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಂತಿರುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 6,300 ಅಡಿಗಿಂತ ತುಸು ಹೆಚ್ಚು. ಹೃದಯ, ಶ್ವಾಸಕೋಶಗಳ ರೋಗವುಳ್ಳವರು ಹದಿನಾರು ಗಂಟೆ ಅಲ್ಲಿ ಕುಳಿತಿರಬೇಕೆಂದು ಊಹಿಸಿಕೊಂಡರೆ ವೈದ್ಯರ ಸಲಹೆಯ ಅವಶ್ಯಕತೆ ತಾನೇ ತಿಳಿಯುತ್ತದೆ. ತೇವಾಂಶವೋ ಸಾಮಾನ್ಯವಾಗಿ ಶೇಕಡಾ 20ಕ್ಕಿಂತಲೂ ಕಡಿಮೆ. ಮುಂಬಯಿಯ ಬೆವರಿಗೆ ಒಗ್ಗಿದವರ ಗಂಟಲು, ಕಣ್ಣು ಒಣಗಿದರೆ ಆಶ್ಚರ್ಯವಿಲ್ಲ. ಎತ್ತರದಲ್ಲಿ ಹೊಟ್ಟೆಯ ವಾಯುವೂ ಹಿಗ್ಗುವುದರಿಂದ ಹೊರಡುವ ದಿನ ಬೋಂಡ, ಅವರೆಕಾಳುಗಳ ಬೀಳ್ಕೊಡುಗೆಯ ಊಟ ಬೇಡ.

ಮಧುಮೇಹಿಗಳು ಇನ್ಸುಲಿನ್ನನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಕೆಳಗಿನ ಸರಕಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಪ್ಪಿಹೋಗಲೂಬಹುದು. ಪಶ್ಚಿಮಕ್ಕೆ ಹೋಗುವಾಗ ದಿನವು ಉದ್ದವಾಗುವುದರಿಂದ ಯಾವ ಹೊತ್ತಿಗೆ ಎಷ್ಟು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳುವುದು ಒಳಿತು.

ಇನ್ನು ಹಣದ ಮಾತು. ಮಕ್ಕಳು ಟಿಕೆಟ್ಟಿಗೆ ಲಕ್ಷಗಟ್ಟಲೆ ತೆರುತ್ತಾರೆ, ಆದರೆ ನಡುದಾರಿಯ ಪಕ್ಕದ ಆಸನಕ್ಕೆ ಕೊಡಬೇಕಾದ ಕೆಲವು ಸಾವಿರವನ್ನು ಉಳಿಸುತ್ತಾರೆ. ಇಂಥ ಉಳಿತಾಯವು ಯಾವ ಖಾತೆಗೂ ಜಮೆಯಾಗದು. ಆ ಆಸನವೊಂದಿದ್ದರೆ ಯಾರ ಅಪ್ಪಣೆಯೂ ಇಲ್ಲದೆ ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ನೇರ ಹಾರಾಟದ ಹಟ ಬಿಟ್ಟು ನಡುವೆ ಕೆಲವು ಗಂಟೆ ತಂಗುವ ಮಾರ್ಗವೂ ಮಂಡಿನೋವಿನವರಿಗೆ ಹಿತವೇ. ವಿಮೆಯ ಅರ್ಜಿಯಲ್ಲಿ ರಕ್ತದೊತ್ತಡವನ್ನು ಮರೆಮಾಚಿ ಕಂತು ಇಳಿಸಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಅಮೆರಿಕೆಯ ಸರಕಾರಿ ವೈದ್ಯವಿಮೆಯು ಪ್ರವಾಸಿಗರಿಗೆ ದೊರೆಯದು. ಮರೆಮಾಚಿದ ರೋಗಕ್ಕೆ ಖಾಸಗಿ ವಿಮೆಯು ಹಣ ನಿರಾಕರಿಸಿದರೆ ಆಸ್ಪತ್ರೆಯ ಬಿಲ್ಲು ಮಗನ ತಲೆಯ ಮೇಲೆಯೇ ಬರುತ್ತದೆ.

ಊರು ಸೇರಿದ ಮೇಲೆ ಒಂದು ವಾರ ನಿದ್ರೆ ಏರುಪೇರಾಗುವುದು ಸಹಜ. ಆದರೆ ಒಂದೇ ಕಾಲು ಬಾತು ನೋಯುತ್ತಿದ್ದರೆ ಅದನ್ನು ಪ್ರಯಾಣದ ಆಯಾಸವೆಂದು ಎಣ್ಣೆ ತಿಕ್ಕುತ್ತ ಕೂರಬಾರದು, ಅಂದೇ ವೈದ್ಯರಿಗೆ ತೋರಿಸಬೇಕು. ಏದುಸಿರೋ ಎದೆನೋವೋ ಕಂಡರೆ ತಕ್ಷಣ ಆಂಬುಲೆನ್ಸ್ ಕರೆಯಿಸಬೇಕು. ಗರಣೆಯು ಇಳಿದ ಮೇಲೂ ಕೆಲವು ವಾರಗಳವರೆಗೆ ಕಾಣಿಸಿಕೊಳ್ಳಬಹುದು. ಮಗಳು ಬಾಣಂತಿ, ಅಳಿಯನಿಗೆ ಕಚೇರಿ, ಅವರಿಗೇಕೆ ತೊಂದರೆ ಎಂದು ಅಲ್ಲಿಯೂ ಸುಮ್ಮನಿರುವ ತಾಯಂದಿರು ಬಹಳ ಮಂದಿ ಇದ್ದಾರೆ.