ಗಾಯದಲ್ಲಿ ಕೀವು: ಬ್ಯಾಕ್ಟೀರಿಯಾ ಯಾವುದೆಂದು ತಿಳಿಯದೆ ಕೊಡುವ ಔಷಧ ಎಷ್ಟು ಸುರಕ್ಷಿತ?

ಶಸ್ತ್ರಚಿಕಿತ್ಸೆ ಯಶಸ್ವಿಯಾಗಿರುತ್ತದೆ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಹೊಲಿಗೆ ಹಾಕಿದ ಜಾಗ ಕೆಂಪಾಗಿ, ಊದಿಕೊಂಡು ಕೀವು ತುಂಬುತ್ತದೆ. ದೇಶದ ಆಸ್ಪತ್ರೆಗಳಲ್ಲಿ ಇದು ಅಪರೂಪವಲ್ಲ. ಇಂತಹ ರೋಗಿಗೆ ಹಲವು ಕಡೆ ಮೊದಲು ಸಿಗುವುದು ಪ್ರಬಲ ಆ್ಯಂಟಿಬಯೋಟಿಕ್. ಕೀವಿನ ಪರೀಕ್ಷೆ ಆಮೇಲಿನ ಮಾತು. ಕೆಲವೆಡೆ ಅದು ನಡೆಯುವುದೇ ಇಲ್ಲ.

ಕೀವು ಒಂದೇ, ಕಾರಣ ಹಲವು

ಕೀವಿಗೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಪ್ರಮುಖವಾದದ್ದು. ಆಸ್ಪತ್ರೆಯಲ್ಲಿ ಅಂಟುವ ಸೋಂಕಿನಲ್ಲಿ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೋಬ್ಯಾಕ್ಟರ್ ಕೂಡ ಸಾಮಾನ್ಯ. ಸಾಧಾರಣ ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್‌ಗೆ ವ್ಯಾಂಕೊಮೈಸಿನ್ ಕೊಡುತ್ತಾರೆ. ಆದರೆ ಸ್ಯೂಡೋಮೊನಾಸ್ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಅಂದಾಜು ತಪ್ಪಿದರೆ ಹಣ ಖರ್ಚಾಗುತ್ತದೆ, ಸೋಂಕು ಹಾಗೇ ಉಳಿಯುತ್ತದೆ.

ಎರಡು ದಿನದ ಕಾಯುವಿಕೆ

ಗ್ರಾಮ್ ಸ್ಟೇನ್ ಎಂಬ ಪರೀಕ್ಷೆ 1884ರಷ್ಟು ಹಳೆಯದು. ಗಾಜಿನ ಪಟ್ಟಿಯ ಮೇಲೆ ಕೀವು ಸವರಿ ಬಣ್ಣ ಹಾಕಿ ನೋಡಿದರೆ, ಬ್ಯಾಕ್ಟೀರಿಯಾ ನೇರಳೆಯೋ ಗುಲಾಬಿಯೋ ಎಂಬುದು ಗಂಟೆಯೊಳಗೆ ಗೊತ್ತಾಗುತ್ತದೆ. ಯಾವ ಗುಂಪಿನ ಔಷಧ ಬೇಕೆಂಬ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಆದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್‌ಗೆ ಸುಮಾರು ಒಂದು ದಿನ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡಲು ಇನ್ನೊಂದು ದಿನ ಬೇಕು. ಬೆಳೆದ ಬ್ಯಾಕ್ಟೀರಿಯಾವನ್ನು ನಿಮಿಷಗಳಲ್ಲಿ ಗುರುತಿಸುವ ಯಂತ್ರಗಳು ಬಂದಿವೆ. ಆದರೆ ಅವು ದುಬಾರಿ.

ಮಾದರಿ ತೆಗೆಯುವ ರೀತಿಯೂ ಮುಖ್ಯ. ಗಾಯದ ಮೇಲ್ಭಾಗವನ್ನು ಹತ್ತಿಯಿಂದ ಒರೆಸಿದರೆ ಚರ್ಮದ ಮೇಲಿನ ನಿರುಪದ್ರವಿ ಬ್ಯಾಕ್ಟೀರಿಯಾವೇ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಸಿರಿಂಜ್‌ನಿಂದ ಒಳಗಿನ ಕೀವು ತೆಗೆಯುವುದು ಹೆಚ್ಚು ನಂಬಲರ್ಹ. ಔಷಧ ಶುರುವಾದ ಮೇಲೆ ಮಾದರಿ ತೆಗೆದರೆ ಏನೂ ಬೆಳೆಯದೆ ಹೋಗಬಹುದು.

ಹಾಗೆಂದು ವೈದ್ಯರನ್ನಷ್ಟೇ ದೂರುವಂತಿಲ್ಲ. ಸೋಂಕು ರಕ್ತಕ್ಕೆ ಇಳಿದ ರೋಗಿಯನ್ನು ಎರಡು ದಿನ ಕಾಯಿಸಲಾಗದು, ತಕ್ಷಣ ಔಷಧ ಕೊಡಲೇಬೇಕು. ತಪ್ಪುತ್ತಿರುವುದು ಅದರ ಹಿಂದುಮುಂದಿನ ಎರಡು ಹೆಜ್ಜೆ: ಮೊದಲ ಡೋಸ್‌ಗೂ ಮುನ್ನ ಮಾದರಿ ತೆಗೆಯುವುದು, ವರದಿ ಬಂದ ಮೇಲೆ ಔಷಧ ಬದಲಿಸುವುದು. ಕೀವುಗಡ್ಡೆಯಾಗಿದ್ದರೆ ಅದನ್ನು ಕೊಯ್ದು ಹೊರತೆಗೆಯುವುದೇ ಮುಖ್ಯ ಚಿಕಿತ್ಸೆ. ಗಡ್ಡೆಯೊಳಕ್ಕೆ ಔಷಧ ಸರಿಯಾಗಿ ತಲುಪುವುದಿಲ್ಲ.

ನಿಯಮವಿದೆ, ಲ್ಯಾಬ್ ಎಲ್ಲಿದೆ?

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ವಿಶ್ವದಾದ್ಯಂತ ಸುಮಾರು 12.7 ಲಕ್ಷ ಮಂದಿ ಸತ್ತಿದ್ದಾರೆ ಎಂದು 'ಲ್ಯಾನ್ಸೆಟ್' ಪತ್ರಿಕೆಯ ಅಧ್ಯಯನ ಅಂದಾಜಿಸಿದೆ. ಭಾರತ ಕೈಕಟ್ಟಿ ಕೂತಿಲ್ಲ. ಐಸಿಎಂಆರ್ 2013ರಲ್ಲಿ ನಿಗಾ ಜಾಲ ಆರಂಭಿಸಿತು. 2014ರಿಂದ ಹಲವು ಆ್ಯಂಟಿಬಯೋಟಿಕ್‌ಗಳ ಮಾರಾಟಕ್ಕೆ ಶೆಡ್ಯೂಲ್ ಎಚ್1 ನಿಯಮವಿದೆ. 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, 2018ರಲ್ಲಿ ಕೇರಳ ತನ್ನದೇ ಯೋಜನೆ ರೂಪಿಸಿತು. ಆ್ಯಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ನಮೂದಿಸಿ ಎಂದು 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವೈದ್ಯರನ್ನು ಕೋರಿತು.

ಆದರೆ ಈ ಕ್ರಮಗಳಲ್ಲಿ ಹೆಚ್ಚಿನವು ಚೀಟಿ ಬರೆಯುವ ಕೈ ಮತ್ತು ಔಷಧ ಮಾರುವ ಅಂಗಡಿಯ ಮೇಲೆ ಕಣ್ಣಿಟ್ಟಿವೆ. ಕಲ್ಚರ್ ಮಾಡುವ ಲ್ಯಾಬ್, ನುರಿತ ಸೂಕ್ಷ್ಮಾಣುತಜ್ಞರು ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ 'ಕಾರಣ ಬರೆಯಿರಿ' ಎಂದರೆ ವೈದ್ಯರು ಬರೆಯುವುದೂ ಅಂದಾಜನ್ನೇ. ನಿಗಾ ಜಾಲದ ಅಂಕಿಅಂಶಗಳೂ ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳದ್ದು. ತಾಲ್ಲೂಕು ಮಟ್ಟದ ಗಾಯಗಳಲ್ಲಿ ಏನಿದೆ ಎಂಬ ಚಿತ್ರಣ ಅದರಿಂದ ಪೂರ್ತಿ ಸಿಗದು.

ಪ್ರತಿ ಆಸ್ಪತ್ರೆಗೂ ದುಬಾರಿ ಯಂತ್ರ ಬೇಕಿಲ್ಲ. ಮೈಕ್ರೋಸ್ಕೋಪ್, ತರಬೇತಿ ಪಡೆದ ಟೆಕ್ನೀಷಿಯನ್, ಮಾದರಿಯನ್ನು ಜಿಲ್ಲಾ ಲ್ಯಾಬ್‌ಗೆ ಅದೇ ದಿನ ತಲುಪಿಸುವ ವ್ಯವಸ್ಥೆ ಇದ್ದರೂ ಬಹಳಷ್ಟು ಸುಧಾರಿಸುತ್ತದೆ. ವರ್ಷವಿಡೀ ಬಂದ ವರದಿಗಳನ್ನು ಒಟ್ಟುಗೂಡಿಸಿದರೆ ಆ ಊರಿನಲ್ಲಿ ಯಾವ ಔಷಧ ಇನ್ನೂ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಆಗ ತುರ್ತಿನಲ್ಲಿ ಮಾಡುವ ಅಂದಾಜಿಗೂ ಒಂದು ಆಧಾರ ಸಿಗುತ್ತದೆ.

ಅಲ್ಲಿಯವರೆಗೆ ರೋಗಿಯ ಮನೆಯವರು ಕೇಳಬಹುದಾದ ಪ್ರಶ್ನೆಗಳು ಎರಡು: ಇಂಜೆಕ್ಷನ್‌ಗೂ ಮೊದಲು ಕೀವನ್ನು ಕಲ್ಚರ್‌ಗೆ ಕಳಿಸಿದ್ದೀರಾ? ವರದಿ ಬಂದ ಮೇಲೆ ಔಷಧ ಬದಲಿಸಬೇಕೇ?