ಅಂಟಿಸಿದ ದಿನಚರಿ

ದಿನಚರಿ ಬರೆಯಬೇಕೆಂದು ಹೊರಡುವವರು ಬಹುಮಂದಿ. ಜನವರಿ ಒಂದರಂದು ಹೊಸ ಪುಸ್ತಕದ ಮೊದಲ ಪುಟದಲ್ಲಿ ಮುತ್ತು ಪೋಣಿಸಿದಂಥ ಅಕ್ಷರಗಳು ಮೂಡುತ್ತವೆ. ಸಂಕ್ರಾಂತಿಯ ವೇಳೆಗೆ ಸಾಲುಗಳು ಕಿರಿದಾಗುತ್ತವೆ. ಶಿವರಾತ್ರಿಯ ಹೊತ್ತಿಗೆ ಆ ಪುಸ್ತಕ ಹಾಲಿನ ಲೆಕ್ಕಕ್ಕೋ ದಿನಸಿಯ ಪಟ್ಟಿಗೋ ಸಲ್ಲುತ್ತದೆ. ಇಂಥ ಪುಸ್ತಕಗಳು ನನ್ನ ಮನೆಯಲ್ಲಿಯೂ ಏಳೆಂಟು ಇವೆ. ಸೋಮಾರಿತನವೊಂದೇ ಇದಕ್ಕೆ ಕಾರಣವೆಂದು ನಾನು ಒಪ್ಪಲಾರೆ. ದಿನಕ್ಕೊಂದು ಪುಟವೆಂದು ಗೆರೆ ಹಾಕಿ ಕೊಟ್ಟವರ ಲೆಕ್ಕಕ್ಕೆ ನಮ್ಮ ಬದುಕು ಹೊಂದುವುದಿಲ್ಲ. ಒಂದು ದಿನ ಬರೆಯಲು ಏನೂ ಇರುವುದಿಲ್ಲ; ಮತ್ತೊಂದು ದಿನ ಬೆಟ್ಟದಷ್ಟಿದ್ದರೂ ಮಾತು ಸಿಕ್ಕುವುದಿಲ್ಲ.

ಮಾತು ಸಿಕ್ಕದ ದಿನಕ್ಕೂ ಒಪ್ಪುವ ಬೇರೊಂದು ಬಗೆಯ ದಿನಚರಿಯುಂಟು. ಅದರಲ್ಲಿ ಬರಹದ ಪಕ್ಕದಲ್ಲಿ ವಸ್ತುಗಳೂ ಕುಳಿತಿರುತ್ತವೆ: ಬಸ್ಸಿನ ಟಿಕೆಟ್ಟು, ಒಣಗಿಸಿದ ಹೊಂಗೆಯ ಎಲೆ, ಪತ್ರಿಕೆಯಿಂದ ಕತ್ತರಿಸಿದ ಸುದ್ದಿ, ಲಗ್ನಪತ್ರಿಕೆಯ ಮೂಲೆ, ಬಿತ್ತನೆಬೀಜದ ಪೊಟ್ಟಣದ ಚಿತ್ರ. ಹೀಗೆ ತುಣುಕುಗಳನ್ನು ಅಂಟಿಸಿ ಕೃತಿಯೊಂದನ್ನು ರಚಿಸುವುದಕ್ಕೆ ಚಿತ್ರಕಾರರು ಕೊಲಾಜ್ ಎನ್ನುತ್ತಾರೆ. ಅಂಟಿಸು ಎಂಬ ಅರ್ಥವುಳ್ಳ ಫ್ರೆಂಚ್ ಕ್ರಿಯಾಪದದಿಂದ ಬಂದ ಶಬ್ದ ಅದು. 1912ರಲ್ಲಿ ಪಿಕಾಸೊ ಎಂಬ ಕಲಾವಿದ, ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡೊಂದನ್ನು ತನ್ನ ಚಿತ್ರಕ್ಕೆ ಅಂಟಿಸಿ ಸುತ್ತಲೂ ಹಗ್ಗವನ್ನು ಬಿಗಿದನು. ಆದರೆ ಪುಸ್ತಕದಲ್ಲಿ ತುಣುಕುಗಳನ್ನು ಅಂಟಿಸಿಡುವ ಹವ್ಯಾಸ ಅದಕ್ಕಿಂತ ಹಳೆಯದು. ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್‌ಗೆ ಈ ಗೀಳು ಎಷ್ಟಿತ್ತೆಂದರೆ, ಅಂಟಿನ ಡಬ್ಬಿಯೊಡನೆ ಹೆಣಗಿ ಬೇಸತ್ತು, ಪುಟಕ್ಕೆ ಮೊದಲೇ ಅಂಟು ಬಳಿದಿರುವ ಪುಸ್ತಕವೊಂದನ್ನು ತಾನೇ ರೂಪಿಸಿ 1873ರಲ್ಲಿ ಪೇಟೆಂಟ್ ಪಡೆದನು.

ಇದೆಲ್ಲ ಮಕ್ಕಳಾಟ, ಬರೆಯಬಲ್ಲವನಿಗೆ ಅಂಟಿಸುವ ಹಂಗೇಕೆ ಎಂದು ಕೇಳುವವರುಂಟು. ನಾನೂ ಒಂದು ಕಾಲಕ್ಕೆ ಹಾಗೆಯೇ ಕೇಳುತ್ತಿದ್ದವನು. ಅಷ್ಟೇ ಅಲ್ಲ, ಹಾಗೆ ಕೇಳಿ ಒಂದು ತಪ್ಪನ್ನೂ ಮಾಡಿದೆ.

ನಾನು ಮಲೆನಾಡಿನ ಅಂಚಿನ ಊರೊಂದರಲ್ಲಿ ಅಧ್ಯಾಪಕನಾಗಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಪ್ರಬಂಧದ ನೋಟುಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಏನೇನನ್ನೋ ಅಂಟಿಸಿದ್ದಳು. ಸೀಗೆಪುಡಿಯ ಪೊಟ್ಟಣದ ಚೀಟಿ, ನವಿಲುಗರಿಯ ಎಳೆ, ಅನ್ನದ ಅಗುಳಿನಿಂದ ಮೆತ್ತಿದ ಮೂರು ಬಸ್ ಟಿಕೆಟ್ಟುಗಳು. “ಇದು ನೋಟುಪುಸ್ತಕವೋ, ಕಸದ ಬುಟ್ಟಿಯೋ?” ಎಂದು ತರಗತಿಯ ಮುಂದೆ ಕೇಳಿದೆ. ಎಲ್ಲರೂ ನಕ್ಕರು. ಅವಳು ಮರುಮಾತಾಡದೆ ಆ ಹಾಳೆಗಳನ್ನು ಹರಿದು ಚೀಲಕ್ಕೆ ಹಾಕಿಕೊಂಡಳು. ಟಿಕೆಟ್ಟುಗಳ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಅರ್ಥವಾದದ್ದು ಮಾತ್ರ ಮನೆಗೆ ಹೋಗುವ ದಾರಿಯಲ್ಲಿ. “ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬರುವಾಗ ಎರಡೇ ಟಿಕೆಟ್ಟು ಕೊಂಡೆವು.” ಆ ವರ್ಷ ಅವಳು ಬರೆದ ಪ್ರಬಂಧಗಳಿಗೆಲ್ಲ ನಾನು ಅಂಕಗಳನ್ನು ಕೊಟ್ಟಿದ್ದೇನೆ. ಆ ಎರಡು ವಾಕ್ಯಗಳಿಗೆ ಸಮನಾದುದು ಅವುಗಳಲ್ಲಿ ಒಂದೂ ಇರಲಿಲ್ಲ. ಮರುದಿನ ಅವಳನ್ನು ಕರೆದು ಕ್ಷಮೆ ಕೇಳಬೇಕೆಂದುಕೊಂಡೆ. ಮೇಷ್ಟರಾದವನು ಹಾಗೆ ಕೇಳಬಹುದೆ ಎಂದು ಹಿಂಜರಿದೆ. ಹಿಂಜರಿಯುತ್ತಲೇ ವರ್ಷ ಮುಗಿಯಿತು.

ಆ ಟಿಕೆಟ್ಟು ಅಲ್ಲಿ ಇರದಿದ್ದರೆ ಅವಳಿಗೆ ಆ ವಾಕ್ಯ ಹೊಳೆಯುತ್ತಿತ್ತೆ? ಇಲ್ಲವೆಂದೇ ನನ್ನ ನಂಬಿಕೆ. ದುಃಖದ ಬಗ್ಗೆ ಬರೆಯಲು ಕುಳಿತರೆ ನಾವು ಕಲಿತ ಮಾತುಗಳೇ ಸಾಲುಗಟ್ಟಿ ಬರುತ್ತವೆ. ಕೈಯಲ್ಲೊಂದು ವಸ್ತುವನ್ನು ಹಿಡಿದು ಕುಳಿತರೆ ಅದು ನಮ್ಮನ್ನು ಸುಳ್ಳು ಹೇಳಗೊಡಿಸುವುದಿಲ್ಲ.

ಆನ್ ಫ್ರಾಂಕಳ ಹೆಸರನ್ನು ನೀವು ಕೇಳಿರಬಹುದು. 1942ರ ಜೂನ್ 12ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ, ಅವಳಿಗೆ ಕೆಂಪು ಚೌಕಳಿಯ ಹೊದಿಕೆಯ ಪುಸ್ತಕವೊಂದು ಉಡುಗೊರೆಯಾಗಿ ಬಂದಿತು. ಒಂದು ತಿಂಗಳು ಕಳೆಯುವ ಮೊದಲೇ, ನಾಜಿಗಳ ಭಯದಿಂದ, ಅವಳ ಕುಟುಂಬ ಆಮ್‌ಸ್ಟರ್‌ಡ್ಯಾಮ್ ನಗರದ ಕಟ್ಟಡವೊಂದರ ಹಿಂಭಾಗದಲ್ಲಿ ಅಡಗಿಕೊಂಡಿತು. ಆ ಪುಸ್ತಕದಲ್ಲಿ ಅವಳು ಬರೆದದ್ದು ಲೋಕಕ್ಕೆಲ್ಲ ಗೊತ್ತು. ತನ್ನ ಭಾವಚಿತ್ರಗಳನ್ನೂ ಅದರಲ್ಲಿ ಅಂಟಿಸಿ ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದಳೆಂಬುದು ಅಷ್ಟಾಗಿ ತಿಳಿಯದು. ಹಳೆಯ ಪುಟಗಳಿಗೆ ಮರಳಿ ಬಂದು, ತಾನೇ ಬರೆದುದರ ಮೇಲೆ ಹೊಸ ಮಾತುಗಳನ್ನು ಸೇರಿಸುತ್ತಿದ್ದಳು. 1944ರ ಮಾರ್ಚಿಯಲ್ಲಿ ಲಂಡನ್ನಿನಿಂದ ಡಚ್ ಮಂತ್ರಿಯೊಬ್ಬರು ರೇಡಿಯೊದಲ್ಲಿ ಮಾತನಾಡುತ್ತ, ಸಾಮಾನ್ಯ ಜನರ ದಿನಚರಿ, ಪತ್ರಗಳನ್ನು ಕಾಪಾಡಿಡಬೇಕೆಂದರು. ಅದನ್ನು ಕೇಳಿದ ಮೇಲೆ ಅವಳು ತನ್ನ ದಿನಚರಿಯನ್ನು ಮೊದಲಿನಿಂದ ತಿದ್ದಿ ಬರೆಯತೊಡಗಿದಳು. ಆಗಸ್ಟ್ 4ರಂದು ಅವರೆಲ್ಲ ಸೆರೆಯಾದರು. 1945ರಲ್ಲಿ ಅವಳು ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡಳು. ಅವಳಿಗಾಗ ಹೆಚ್ಚುಕಡಮೆ ನಿಮ್ಮದೇ ವಯಸ್ಸು.

ಇಂದು ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ, ಸಾವಿರ ಚಿತ್ರಗಳನ್ನು ಅದರಲ್ಲಿಯೇ ತೆಗೆದಿಡಬಹುದಲ್ಲ ಎಂದು ನನ್ನ ಮೊಮ್ಮಗ ವಾದಿಸುತ್ತಾನೆ. ತೆಗೆದಿಡಬಹುದು. ಆದರೆ ಸಾವಿರವನ್ನೂ ಇಡಬಹುದಾದ ಕಡೆ ಆಯ್ಕೆಯ ಕಷ್ಟವಿಲ್ಲ. ಪುಟದಲ್ಲಿ ಸ್ಥಳ ಕಡಮೆ. ಯಾವುದನ್ನು ಇಡಲಿ, ಯಾವುದನ್ನು ಬಿಡಲಿ ಎಂದು ಯೋಚಿಸಲೇಬೇಕು. ಆ ಯೋಚನೆಯೇ ಅರ್ಧ ದಿನಚರಿ. ಅಂಗಡಿಯಲ್ಲಿ ಸಿಕ್ಕುವ ಬಣ್ಣಬಣ್ಣದ ಅಂಟುಚೀಟಿಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಸಾವಿರ ಮಂದಿಯ ಪುಸ್ತಕದಲ್ಲಿ ಇರುವ ಚಿಟ್ಟೆ ನಿಮ್ಮ ದಿನದ ಬಗ್ಗೆ ಏನನ್ನು ತಾನೆ ಹೇಳೀತು? ಪುಟ ಅಂದವಾಗಿ ಕಾಣಲೇಬೇಕೆಂಬ ಹಟವೂ ಬೇಡ.

ಕೈಕೆಲಸದ ಬಗ್ಗೆ ನಾಲ್ಕು ಮಾತು. ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಒಳ್ಳೆಯ ಅಂಟಾಗುತ್ತದೆ. ತೆಳ್ಳಗೆ ಬಳಿಯಬೇಕು, ಇಲ್ಲವಾದರೆ ಜಿರಲೆಗಳಿಗೆ ಹಬ್ಬ. ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ನೀವು ಮುಟ್ಟಬೇಡಿ. ನಮ್ಮ ಹಿರಿಯರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಕಡತ ಮಾಡಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಗುಂಡುಪಿನ್ನು ತುಕ್ಕು ಹಿಡಿಯುತ್ತದೆ, ಸೆಲೊಟೇಪು ಹಳದಿಗಟ್ಟಿ ಕಳಚುತ್ತದೆ. ಎಲೆಯನ್ನು ಹಳೆಯ ಪತ್ರಿಕೆಗಳ ನಡುವೆ ಭಾರ ಹೇರಿ ಒಣಗಿಸಿ, ಪತ್ರಿಕೆಯನ್ನು ದಿನವೂ ಬದಲಿಸಿ. ಇಂದಿನ ಯಂತ್ರದ ಟಿಕೆಟ್ಟುಗಳು ಬಹುಮಟ್ಟಿಗೆ ಶಾಖಕ್ಕೆ ಕಪ್ಪಾಗುವ ಕಾಗದದವು. ಕೆಲವೇ ವರ್ಷಗಳಲ್ಲಿ ಅಕ್ಷರ ಮಾಸಿಹೋಗುವುದರಿಂದ, ಊರು, ದಿನ, ದರಗಳನ್ನು ಶಾಯಿಯಲ್ಲಿ ಕೆಳಗೆ ಬರೆದಿಡಿ. ಯಾರೊಡನೆ ಹೋದಿರೆಂಬುದನ್ನೂ ಬರೆಯಿರಿ. ಅದು ಟಿಕೆಟ್ಟಿನಲ್ಲಿ ಇರುವುದಿಲ್ಲ.

ಈ ಪುಸ್ತಕವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅಧ್ಯಾಪಕರು ಕೇಳಿದರೂ ಕೊಡಬೇಡಿ. ಹೀಗೆಂದೆನೆಂದು ಅವರು ನನ್ನ ಮೇಲೆ ಮುನಿದರೆ ಮುನಿಯಲಿ. ಪುಟಗಳು ತುಂಬುತ್ತ ಬಂದಂತೆ ಪುಸ್ತಕ ಹೊಟ್ಟೆ ಉಬ್ಬಿಸಿಕೊಂಡು ಮುಚ್ಚಲೊಲ್ಲದು. ದಾರದಿಂದ ಕಟ್ಟಿಡಿ. ನಿವೃತ್ತನಾದ ಮೇಲೆ ನಾನು ತೊಡಗಿದ ಪುಸ್ತಕಕ್ಕೆ ಹಳೆಯ ಛತ್ರಿಯ ಪಟ್ಟಿಯನ್ನು ಬಿಗಿದಿದ್ದೇನೆ, ಇದು ನಾಲ್ಕನೆಯದು.